ಹೊಲಿಗೆ ಮಾಗಿದೆ, ಸ್ಕ್ಯಾನ್ ನಾರ್ಮಲ್, ಆದರೂ ನಿದ್ದೆ ಇಲ್ಲ

ಓದುಗರ ಪ್ರಶ್ನೆ, ಡಾಕ್ಟರಮ್ಮನ ಉತ್ತರ

(ಹೊಟ್ಟೆಯ ಆಪರೇಷನ್ ಆಗಿ ತಿಂಗಳುಗಳು ಕಳೆದರೂ ಬಿಡದ ನೋವು, ಹತ್ತದ ನಿದ್ದೆಯ ಬಗ್ಗೆ ಬಂದ ಪತ್ರಗಳಿಗೆ ಶಿವಮೊಗ್ಗದ ನಿವೃತ್ತ ಅರಿವಳಿಕೆ ವೈದ್ಯೆಯೊಬ್ಬರು ಈ ಸಲ ಉತ್ತರಿಸಿದ್ದಾರೆ.)

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿ. ನನಗೆ 46 ವರ್ಷ. ಬ್ಲೀಡಿಂಗ್ ಜಾಸ್ತಿ, ಗರ್ಭಕೋಶದಲ್ಲಿ ಗಡ್ಡೆ ಇದೆ ಅಂತ ಎಂಟು ತಿಂಗಳ ಹಿಂದೆ ಗರ್ಭಕೋಶ ತೆಗೆದರು. ಹೊಟ್ಟೆ ಕೊಯ್ದು ಮಾಡಿದ್ದು, ಅಡ್ಡ ಹೊಲಿಗೆ. ಹೊಲಿಗೆ ಚೆನ್ನಾಗಿ ಮಾಗಿದೆ. ಆದರೆ ಬಲಗಡೆ ತುದಿಯಲ್ಲಿ ನಾಣ್ಯದಗಲ ಜಾಗದಲ್ಲಿ ನೋವು ಹಾಗೇ ಇದೆ. ಕೆಲವು ಸಲ ಉರಿ, ಕೆಲವು ಸಲ ಕರೆಂಟ್ ಹೊಡೆದ ಹಾಗೆ ತೊಡೆ ಸಂದಿಯವರೆಗೆ ಇಳಿಯುತ್ತದೆ. ನೈಟಿ ತಾಗಿದರೂ ತಡೆಯಲಾಗುವುದಿಲ್ಲ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತರೆ ಅರ್ಧ ಗಂಟೆಗೇ ಏಳಬೇಕು. ಎರಡು ಸಲ ಸ್ಕ್ಯಾನ್ ಮಾಡಿಸಿದೆವು, ಎಲ್ಲ ನಾರ್ಮಲ್. ರಾತ್ರಿ ಎಂಟೂವರೆಗೆಲ್ಲ ಮಲಗುತ್ತೇನೆ, ಎರಡು ಗಂಟೆಗೆ ಮೈ ಬೆವೆತು ಎಚ್ಚರ, ಆಮೇಲೆ ಬೆಳಗಿನವರೆಗೆ ಹೊರಳಾಟ. ಪಕ್ಕದ ಮನೆಯವರು ಕೊಟ್ಟ ನಿದ್ದೆ ಮಾತ್ರೆ ಮೂರು ವಾರದಿಂದ ಅರ್ಧರ್ಧ ತಗೊಳ್ಳುತ್ತಿದ್ದೇನೆ. ನಮ್ಮನೆಯವರು "ಎಲ್ಲ ನಿನ್ನ ಮನಸ್ಸಿನದ್ದು" ಅನ್ನುತ್ತಾರೆ. ಅತ್ತೆ "ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಂದಲೇ ಹೀಗಾಗಿದ್ದು" ಅನ್ನುತ್ತಾರೆ. ಒಳಗೆ ಕರುಳು ಅಂಟಿಕೊಂಡಿರಬಹುದು, ಮತ್ತೆ ಆಪರೇಷನ್ ಮಾಡಿಸು ಅಂತ ನಾದಿನಿ. ನಂಜು ಅಂತ ಬದನೆ, ಮೊಟ್ಟೆ, ಮೀನು, ಬೇಳೆ ಎಲ್ಲ ಬಿಟ್ಟಿದ್ದೇನೆ. ಏನು ಮಾಡಲಿ?
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲು ನಿಮ್ಮ ಯಜಮಾನರಿಗೆ ಒಂದು ಮಾತು. ಈ ಪತ್ರಿಕೆಯನ್ನು ಅವರ ಕೈಗೂ ಕೊಡಿ. ಸ್ವಾಮಿ, ನಿಮ್ಮ ಮನೆಯವರ ನೋವು ಮನಸ್ಸಿನದ್ದಲ್ಲ. ಮನಸ್ಸಿನ ನೋವಾಗಿದ್ದರೆ ಅದು ಹೊಲಿಗೆಯ ಬಲತುದಿಯಲ್ಲೇ, ಒಂದೇ ನಾಣ್ಯದಗಲಕ್ಕೆ, ಎಂಟು ತಿಂಗಳು ಜಾಗ ಬಿಡದೆ ಯಾಕೆ ಕೂರುತ್ತದೆ? ಆಪರೇಷನ್ ಆಗಿ ಮೂರು ತಿಂಗಳು ದಾಟಿದ ಮೇಲೂ ಉಳಿಯುವ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೇ ಜಾಗ ಇದೆ. 2022ರಲ್ಲಿ ಜಾರಿಗೆ ಬಂದ ಹನ್ನೊಂದನೇ ಆವೃತ್ತಿಯಲ್ಲಿ ಅದನ್ನು ಪ್ರತ್ಯೇಕವಾಗಿ ಸೇರಿಸಿದ್ದಾರೆ. ಇದು ಅಪರೂಪದ ತೊಂದರೆಯೇನೂ ಅಲ್ಲ. ಆಪರೇಷನ್ನಿಗೆ ಮುಂಚೆ ಈ ಮಾತನ್ನು ರೋಗಿಗೆ ಹೇಳುವವರು ಕಡಿಮೆ, ಅಷ್ಟೇ.

ಈಗ ನಿಮಗೆ. ನೀವು ನೋವಿನ ಜಾಗವನ್ನು ಒಂದು ಬೆರಳಲ್ಲಿ ತೋರಿಸಬಲ್ಲಿರಿ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದೇ ವಿಷಯ. ಹೊಟ್ಟೆಯೊಳಗಿನ ಅಂಗದ ನೋವಿಗೆ ಜನ ಸಾಮಾನ್ಯವಾಗಿ ಇಡೀ ಅಂಗೈ ಇಟ್ಟು "ಇಲ್ಲೆಲ್ಲೋ" ಅನ್ನುತ್ತಾರೆ. ಒಂದು ಬೆರಳಲ್ಲಿ ತೋರಿಸುವ ನೋವು ಹೆಚ್ಚಾಗಿ ಹೊಟ್ಟೆಯ ಗೋಡೆಯದ್ದು. ಅಂದರೆ ಚರ್ಮ, ಸ್ನಾಯು, ಅವುಗಳ ನಡುವೆ ಹಾದು ಹೋಗುವ ನರಗಳದ್ದು.

ನಿಮಗೆ ಹಾಕಿದ ಅಡ್ಡ ಕೊಯ್ತವನ್ನು ಜರ್ಮನಿಯ ಫನ್ನೆನ್‌ಸ್ಟೀಲ್ ಅನ್ನುವ ವೈದ್ಯರು 1900ರಲ್ಲಿ ವಿವರಿಸಿದರು. ಇವತ್ತಿಗೂ ಸಿಸೇರಿಯನ್ನಿಗೆ, ಗರ್ಭಕೋಶ ತೆಗೆಯುವುದಕ್ಕೆ ಹೆಚ್ಚಾಗಿ ಅದನ್ನೇ ಹಾಕುತ್ತಾರೆ. ಕಲೆ ಬಟ್ಟೆಯೊಳಗೆ ಮುಚ್ಚಿಹೋಗುತ್ತದೆ, ಮುಂದೆ ಹರ್ನಿಯಾ ಆಗುವುದೂ ಕಡಿಮೆ. ಒಳ್ಳೆಯ ಕೊಯ್ತವೇ. ಆದರೆ ಅದರ ಎರಡೂ ತುದಿಗಳ ಹತ್ತಿರ ಸೊಂಟದ ಕಡೆಯಿಂದ ಬರುವ ಎರಡು ಸಣ್ಣ ನರಗಳು ಹಾಯುತ್ತವೆ. ಕಿಬ್ಬೊಟ್ಟೆಗೆ, ತೊಡೆ ಸಂದಿಗೆ ಸ್ಪರ್ಶ ಕೊಡುವ ನರಗಳು ಅವು. ಅಗಲಿಸುವಾಗ ಎಳೆದುಹೋಗಬಹುದು, ಹೊಲಿಗೆಯಲ್ಲಿ ಸಿಕ್ಕಬಹುದು, ಆಮೇಲೆ ಕಲೆಯ ಗಟ್ಟಿ ನಾರಿನೊಳಗೆ ಅಮುಕಿಹೋಗಬಹುದು. ಎಷ್ಟೇ ಜಾಗ್ರತೆಯಿಂದ ಮಾಡಿದರೂ ಕೆಲವರಿಗೆ ಆಗುತ್ತದೆ. ಉರಿ, ಕರೆಂಟ್ ಹೊಡೆತ, ತೊಡೆ ಸಂದಿಗೆ ಇಳಿಯುವುದು, ಬಟ್ಟೆ ತಾಗಿದರೂ ನೋವು, ಇವೆಲ್ಲ ನರದ ನೋವಿನ ಲಕ್ಷಣಗಳು. ಸೊಂಟ ಬಗ್ಗಿಸಿ ಕೂತಾಗ ಆ ಜಾಗ ಮಡಚಿ ಒತ್ತುತ್ತದೆ. ಮೆಟ್ಟುಗತ್ತಿಯ ಮುಂದೆ ನೀವು ಅರ್ಧ ಗಂಟೆಗೇ ಏಳಬೇಕಾಗುವುದು ಅದಕ್ಕೇ.

ಹಾಗಾದರೆ ಸ್ಕ್ಯಾನಿನಲ್ಲಿ ಯಾಕೆ ಕಾಣಲಿಲ್ಲ? ಇಷ್ಟು ಸಣ್ಣ ನರ ಸಿಕ್ಕಿಕೊಂಡಿದ್ದು ಹೊಟ್ಟೆಯ ಸಾಮಾನ್ಯ ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಅದಕ್ಕೆ. ಒಳಗೆ ಕೀವು, ಗಡ್ಡೆ, ನೀರು ತುಂಬಿಕೊಂಡಿಲ್ಲ ಅಂತ ಸ್ಕ್ಯಾನ್ ಹೇಳಿತು. ಅದರ ಕೆಲಸ ಅಷ್ಟು, ಅದು ಒಳ್ಳೆಯ ಸುದ್ದಿಯೂ ಹೌದು. ಮೂರನೇ ಸ್ಕ್ಯಾನಿಗೆ ದುಡ್ಡು ಹಾಕಬೇಡಿ.

ಮಂಚದ ಮೇಲೆ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಇದೆ. 1926ರಲ್ಲಿ ಕಾರ್ನೆಟ್ ಅನ್ನುವ ಅಮೆರಿಕದ ಸರ್ಜನ್ ಬರೆದದ್ದು, ಕಾಸು ಖರ್ಚಿಲ್ಲ. ಅಂಗಾತ ಮಲಗಿ. ನೋವಿನ ಜಾಗದ ಮೇಲೆ ಒಂದು ಬೆರಳಿಟ್ಟು, ನೋವು ಗೊತ್ತಾಗುವಷ್ಟು ಮಾತ್ರ ಒತ್ತಿ. ಬೆರಳು ತೆಗೆಯದೆ, ಎರಡೂ ಕೈ ಊರದೆ, ತಲೆ ಮತ್ತು ಹೆಗಲನ್ನು ದಿಂಬಿನಿಂದ ಸ್ವಲ್ಪ ಎತ್ತಿ. ಹೊಟ್ಟೆಯ ಸ್ನಾಯು ಬಿಗಿಯಾಗುತ್ತದೆ. ಈಗ ನೋವು ಜಾಸ್ತಿಯಾಯಿತಾ? ಹಾಗಿದ್ದರೆ ಅದು ಗೋಡೆಯ ನೋವೇ ಇರಬೇಕು. ಕಡಿಮೆಯಾಯಿತಾ? ಬಿಗಿದ ಸ್ನಾಯು ಒಳಗಿನ ಅಂಗಕ್ಕೆ ಅಡ್ಡ ನಿಂತಿದೆ, ಒಳಗೇ ಹುಡುಕಬೇಕು. ಇದನ್ನು ಡಾಕ್ಟರ ಮುಂದೆಯೇ ಮಾಡಿಸಿಕೊಂಡರೆ ಒಳ್ಳೆಯದು. ನೋವಿನ ಜಾಗಕ್ಕೆ ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟುಕೊಂಡು ಹೋಗಿ. ಓಪಿಡಿಯಲ್ಲಿ ನಿಮಗೆ ಸಿಗುವುದು ಎರಡು ಮೂರು ನಿಮಿಷ. ಚುಕ್ಕೆ ಇದ್ದರೆ ಮಾತು ಉಳಿಯುತ್ತದೆ.

ಇನ್ನು ಅತ್ತೆಯವರ ಆರೋಪಕ್ಕೆ ಬರೋಣ. ನಾನು ಜೀವನವಿಡೀ ಬೆನ್ನಿಗೆ ಇಂಜೆಕ್ಷನ್ ಕೊಟ್ಟವಳು, ಸುಮ್ನೆ ಬಿಡಲಾರೆ! ಶಿವಮೊಗ್ಗ ಜಿಲ್ಲೆಯಲ್ಲಿ ಹೆಂಗಸರಿಗೆ ಬರುವ ಸೊಂಟ ನೋವು, ಕಾಲು ನೋವು, ಕೂದಲು ಉದುರುವುದು ಎಲ್ಲಕ್ಕೂ ಆ ಸೂಜಿಯೇ ಕಾರಣ ಅನ್ನುವ ಮಾತು ನನ್ನ ನಿವೃತ್ತಿಯ ನಂತರವೂ ಮದುವೆ ಮನೆಗಳಲ್ಲಿ ನನ್ನ ಕಿವಿಗೆ ಬೀಳುತ್ತದೆ. ಚುಚ್ಚಿದ ಜಾಗ ಕೆಲವು ದಿನ ನೋಯುತ್ತದೆ. ವರ್ಷಗಟ್ಟಲೆ ಬೆನ್ನು ನೋವಿಗೆ ಅದು ಕಾರಣವಲ್ಲ. ಕಿಬ್ಬೊಟ್ಟೆಯ ಉರಿಗಂತೂ ಅಲ್ಲವೇ ಅಲ್ಲ.

ಕರುಳು ಅಂಟಿಕೊಳ್ಳುವ ವಿಷಯ ಬೇರೆ. ಹೊಟ್ಟೆ ತೆರೆದ ಬಹಳ ಜನರಲ್ಲಿ ಒಳಗೆ ಅಲ್ಲಲ್ಲಿ ಅಂಟು ಆಗುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಅದರಿಂದ ಏನೂ ತೊಂದರೆ ಇಲ್ಲ. 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ಸರ್ಜನ್‌ಗಳು ಇಂಥ ಬಹುಕಾಲದ ಹೊಟ್ಟೆನೋವಿನ 100 ರೋಗಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಎಲ್ಲರಿಗೂ ಹೊಟ್ಟೆಯೊಳಗೆ ದುರ್ಬೀನು (ಲ್ಯಾಪ್ರೋಸ್ಕೋಪ್) ಹಾಕಿ ನೋಡಿದರು. ಅರ್ಧದಷ್ಟು ಜನರಿಗೆ ಅಂಟು ಬಿಡಿಸಿದರು, ಉಳಿದವರಿಗೆ ಬರೀ ನೋಡಿ ಹೊಲಿದರು. ವರ್ಷ ಕಳೆದ ಮೇಲೆ ಎರಡೂ ಗುಂಪಿನವರ ನೋವು ಹೆಚ್ಚುಕಮ್ಮಿ ಒಂದೇ ಸಮ ಇಳಿದಿತ್ತು. ಬರೀ ನೋವಿಗಾಗಿ ಅಂಟು ಬಿಡಿಸುವ ಆಪರೇಷನ್ ಬೇಡ ಅನ್ನುವುದು ಇದಕ್ಕೇ. ಪ್ರತಿ ಆಪರೇಷನ್ ಹೊಸ ಅಂಟು ಹಾಕಬಹುದು, ಹೊಸ ನರಕ್ಕೂ ತಗುಲಬಹುದು. ಆದರೆ ಹೊಟ್ಟೆ ಉಬ್ಬಿ, ಮತ್ತೆ ಮತ್ತೆ ವಾಂತಿಯಾಗಿ, ಗ್ಯಾಸ್ ಮತ್ತು ಮಲ ಎರಡೂ ನಿಂತುಹೋದರೆ ಅದು ಕರುಳು ಕಟ್ಟಿಕೊಂಡ ಸೂಚನೆ. ಆಗ ಪತ್ರ ಬರೆಯುತ್ತಾ ಕೂರಬೇಡಿ, ಅದೇ ರಾತ್ರಿ ಗಾಡಿ ಮಾಡಿಕೊಂಡು ಹೊರಡಿ. ಜ್ವರ, ಹೊಲಿಗೆಯಿಂದ ಕೀವು, ಮತ್ತೆ ರಕ್ತ ಹೋಗುವುದು, ಗೊತ್ತಾಗದೆ ಮೂತ್ರ ಸೋರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇವಕ್ಕೂ ತಡ ಮಾಡಬಾರದು.

ನರದ ನೋವಿಗೆ ಔಷಧಿ ಬೇರೆಯೇ ಇದೆ. ಮೆಡಿಕಲ್ ಶಾಪಿನ ಮಾಮೂಲಿ ಪೇನ್‌ಕಿಲ್ಲರ್ ಅದಕ್ಕೆ ಅಷ್ಟಕ್ಕಷ್ಟೇ. ಅಮಿಟ್ರಿಪ್ಟಿಲಿನ್, ನಾರ್‌ಟ್ರಿಪ್ಟಿಲಿನ್, ಗ್ಯಾಬಾಪೆಂಟಿನ್, ಪ್ರೆಗಾಬಾಲಿನ್ ಎಂಬ ಮಾತ್ರೆಗಳಲ್ಲಿ ಒಂದನ್ನು ಡಾಕ್ಟರು ಸಣ್ಣ ಪ್ರಮಾಣದಲ್ಲಿ ಶುರು ಮಾಡಬಹುದು. ಮೊದಲೆರಡು ಖಿನ್ನತೆಗೂ ಕೊಡುವ ಮಾತ್ರೆಗಳು. ಮನೆಯಲ್ಲಿ ಯಾರಾದರೂ ಮೊಬೈಲಿನಲ್ಲಿ ಹುಡುಕಿ "ಇದು ತಲೆ ಕೆಟ್ಟವರ ಮಾತ್ರೆ" ಅಂದು ಬಿಸಾಡುವುದು ನನಗೆ ಗೊತ್ತು. ನೋವಿಗೆ ಕೊಡುವ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ, ಕೆಲಸವೂ ಬೇರೆ. ನೋವಿನ ಸುದ್ದಿ ಹೊತ್ತು ಹೋಗುವ ನರದ ಗದ್ದಲವನ್ನು ತಗ್ಗಿಸುತ್ತದೆ. ಅಮಿಟ್ರಿಪ್ಟಿಲಿನ್ ರಾತ್ರಿ ಕೊಟ್ಟರೆ ನಿದ್ದೆಗೂ ಅನುಕೂಲ. ಬಾಯಿ ಒಣಗುವುದು, ಮಲಬದ್ಧತೆ, ಬೆಳಿಗ್ಗೆ ಮಂಪರು ಬರಬಹುದು. ಎರಡು ಮೂರು ವಾರ ತಗೊಂಡ ಮೇಲೇ ಫಲ ಗೊತ್ತಾಗುವುದು. ಕಣ್ಣಿನ ಗ್ಲುಕೋಮಾ, ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ. ಇನ್ನೊಂದು ದಾರಿ, ಆ ಚುಕ್ಕೆಯ ಜಾಗಕ್ಕೇ ಮರಗಟ್ಟಿಸುವ ಇಂಜೆಕ್ಷನ್. ಕೊಟ್ಟ ಕೆಲವೇ ನಿಮಿಷದಲ್ಲಿ ನೋವು ಮಾಯವಾದರೆ ಕಾಯಿಲೆ ಯಾವುದು ಅಂತಲೂ ಖಚಿತ, ಚಿಕಿತ್ಸೆಯೂ ಅದೇ. ಕೆಲವರಿಗೆ ಒಂದೆರಡು ಸಲ ಕೊಟ್ಟರೆ ಸಾಕಾಗುತ್ತದೆ. ಇದನ್ನು ಮಾಡುವವರು ನೋವಿನ ಚಿಕಿತ್ಸೆ ಕಲಿತ ಅರಿವಳಿಕೆ ವೈದ್ಯರು ಅಥವಾ ಸರ್ಜನ್‌ಗಳು. ಶಿವಮೊಗ್ಗಕ್ಕೆ ಬಂದಾಗ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗಕ್ಕೆ ಹೋಗಿ ವಿಚಾರಿಸಿ. "ಆಪರೇಷನ್ ಇಲ್ಲದಿದ್ದರೆ ಅಲ್ಲೇನು ಕೆಲಸ" ಅಂತ ಹಿಂಜರಿಯಬೇಡಿ.

ಮನೆಯಲ್ಲಿ ಮಾಡುವುದು ಇಷ್ಟು. ಸ್ನಾನದ ನಂತರ ಬೆರಳ ತುದಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೊಲಿಗೆಯ ಎಡತುದಿಯಿಂದ, ಅಂದರೆ ನೋವಿಲ್ಲದ ಕಡೆಯಿಂದ, ಸಣ್ಣ ಸುತ್ತು ಹಾಕುತ್ತಾ ಬನ್ನಿ. ಚರ್ಮದ ಮೇಲೆ ಬೆರಳು ಜಾರಬಾರದು, ಬೆರಳಿನ ಜೊತೆ ಚರ್ಮವೇ ಅಲುಗಬೇಕು. ಐದು ನಿಮಿಷ ಸಾಕು. ಬಲತುದಿಗೆ ಬಂದಾಗ ಮೊದಲ ವಾರ ಬರೀ ಮುಟ್ಟಿ ಬಿಡಿ. ಆಮೇಲೆ ಹಳೇ ಮೆತ್ತನೆ ಹತ್ತಿ ಪಂಚೆಯ ತುಂಡು, ಕೆಲವು ದಿನ ಬಿಟ್ಟು ಟವೆಲ್, ಹೀಗೆ ಒರಟು ಸ್ವಲ್ಪ ಸ್ವಲ್ಪ ಹೆಚ್ಚಿಸಿ ಸವರಿ. ಹಂದಿ ಗದ್ದೆಯಿಂದ ಹೋಗಿಯಾದರೂ ಬೊಗಳುತ್ತಲೇ ಇರುವ ನಾಯಿಯ ಹಾಗೆ ನಿಮ್ಮ ನರ ಈಗ ತರಗೆಲೆ ಅಲುಗಿದರೂ ಕೂಗುತ್ತಿದೆ. ಬಟ್ಟೆ ತಾಗಿದರೆ ಅಪಾಯವಿಲ್ಲ ಅಂತ ಅದಕ್ಕೆ ಮತ್ತೆ ರೂಢಿ ಮಾಡಿಸಬೇಕು. ಲಂಗದ ಲಾಡಿ, ಒಳ ಉಡುಪಿನ ಎಲಾಸ್ಟಿಕ್ ಆ ಗೆರೆಯ ಮೇಲೆ ಬರದ ಹಾಗೆ ನೋಡಿಕೊಳ್ಳಿ.

ಅಡಿಕೆ ಸುಲಿಯಬೇಡಿ ಅಂತ ನಾನು ಹೇಳುವುದಿಲ್ಲ. ಅಡಿಕೆ ಗೊನೆ ಇಳಿದು ಅಂಗಳದಲ್ಲಿ ಬಿದ್ದಿರುವಾಗ ಮಲೆನಾಡಿನ ಮನೆಯಲ್ಲಿ ಆ ಮಾತು ನಡೆಯುವುದೂ ಇಲ್ಲ. ನೆಲ ಬಿಟ್ಟು ಸ್ವಲ್ಪ ಎತ್ತರದ ಮಣೆಯ ಮೇಲೆ ಕೂರಿ, ಮೆಟ್ಟುಗತ್ತಿಯೂ ಅದಕ್ಕೆ ತಕ್ಕ ಎತ್ತರಕ್ಕೆ ಬರಲಿ, ಹೊಟ್ಟೆ ಮಡಚಬಾರದು. ನೋವು ಬಂದ ಮೇಲೆ ಏಳುವುದಲ್ಲ, ಬರುವ ಮುಂಚೆ ಏಳಬೇಕು. ನಿಮಗೆ ಅರ್ಧ ಗಂಟೆಗೆ ಬರುತ್ತದೆ ಅಲ್ವಾ, ಇಪ್ಪತ್ತು ನಿಮಿಷಕ್ಕೇ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬನ್ನಿ. ಚೆನ್ನಾಗಿರುವ ದಿನ "ಇವತ್ತು ಆರಾಮ ಇದೆ" ಅಂತ ಎರಡು ಡಬ್ಬ ಜಾಸ್ತಿ ಸುಲಿದು, ಆಮೇಲೆ ಎರಡು ದಿನ ಮಲಗುವ ಅಭ್ಯಾಸ ಬಿಡಿ. ಮಂಚದಿಂದ ಏಳುವಾಗ ನೇರ ಏಳದೆ ಪಕ್ಕಕ್ಕೆ ಹೊರಳಿ, ಕೈ ಊರಿ ಏಳಿ.

ಈಗ ನಿದ್ದೆ. ನಿಮ್ಮ ಡಿಸ್ಚಾರ್ಜ್ ಕಾರ್ಡ್ ತೆಗೆದು ನೋಡಿ. ಆಪರೇಷನ್ನಿನ ಹೆಸರಿನ ಜಾಗದಲ್ಲಿ ಇಂಗ್ಲಿಷಿನಲ್ಲಿ ಬರೀ ಟಿ.ಎ.ಎಚ್. ಅಂತ ಇದೆಯೋ, ಜೊತೆಗೆ ಬಿ.ಎಸ್.ಓ. ಅಂತಲೂ ಇದೆಯೋ? ಎರಡನೆಯದೂ ಇದ್ದರೆ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದಿದ್ದಾರೆ ಅಂತ ಅರ್ಥ. ಅಂಥವರಿಗೆ ಮುಟ್ಟು ನಿಲ್ಲುವ ಕಾಲ ನಿಧಾನಕ್ಕೆ ಬರುವುದಿಲ್ಲ, ಆಪರೇಷನ್ ಆದ ಕೆಲವೇ ದಿನಕ್ಕೆ ಒಮ್ಮೆಲೇ ಬರುತ್ತದೆ. ಮೈ ಕಾಯುವುದು, ರಾತ್ರಿ ಬೆವರುವುದು, ನಡುರಾತ್ರಿ ಎಚ್ಚರ, ಸಿಡುಕು, ಯೋನಿ ಒಣಗುವುದು, ಎಲ್ಲ ಅದರದ್ದೇ. ಎರಡು ಗಂಟೆಗೆ ಬೆವೆತು ಏಳುತ್ತೇನೆ ಅಂದಿದ್ದೀರಿ. ನನಗೆ ಅನುಮಾನ ಇರುವುದು ಇದರ ಮೇಲೇ. ಕಾರ್ಡ್ ತಗೊಂಡು ಸ್ತ್ರೀರೋಗ ವೈದ್ಯರ ಹತ್ತಿರ ಹೋಗಿ ಹಾರ್ಮೋನ್ ಚಿಕಿತ್ಸೆ ನನಗೆ ಹೊಂದುತ್ತದಾ ಅಂತ ನೇರವಾಗಿ ಕೇಳಿ. ನಿಮ್ಮ ವಯಸ್ಸಿಗೆ ಮೂಳೆಯ ದೃಷ್ಟಿಯಿಂದಲೂ ಆ ಮಾತು ಆಗಬೇಕು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಅದು ಸಾಮಾನ್ಯವಾಗಿ ಆಗದು, ಬೇರೆ ಮಾತ್ರೆಗಳಿವೆ. ಅಂಡಾಶಯ ಉಳಿಸಿದ್ದರೂ ಬೆವರಿನ ವಿಷಯ ಹೇಳಿ. ಗರ್ಭಕೋಶ ತೆಗೆದ ಮೇಲೆ ಅವು ಸ್ವಲ್ಪ ಬೇಗ ಸೋಲುವುದುಂಟು, ಥೈರಾಯ್ಡನ್ನೂ ಒಮ್ಮೆ ನೋಡಬೇಕು.

ಪಕ್ಕದ ಮನೆಯ ಮಾತ್ರೆಯ ಹೆಸರು ನೀವು ಬರೆದಿಲ್ಲ. ಊರಲ್ಲಿ ಕೈಯಿಂದ ಕೈಗೆ ಹೋಗುವ ನಿದ್ದೆ ಮಾತ್ರೆ ಹೆಚ್ಚಾಗಿ ಆಲ್ಪ್ರಜೋಲಾಂ. ಕೆಲವು ವಾರದಲ್ಲೇ ಮೈ ಅದಕ್ಕೆ ಒಗ್ಗಿಬಿಡುತ್ತದೆ, ಆಮೇಲೆ ಅದಿಲ್ಲದೆ ನಿದ್ದೆ ಇಲ್ಲ. ಮೂರು ವಾರ ಆಗಿರುವುದರಿಂದ ನಾಳೆಯಿಂದಲೇ ದಬಕ್ಕನೆ ಬಿಡಬೇಡಿ. ಡಾಕ್ಟರಿಗೆ ಹೇಳಿ, ಅವರು ಹೇಳಿದ ಹಾಗೆ ಇಳಿಸುತ್ತಾ ಬನ್ನಿ. ಅದರ ಜೊತೆ ಟ್ರಮಡಾಲ್ ಇರುವ ನೋವಿನ ಮಾತ್ರೆ ತಗೊಂಡರೆ ಉಸಿರಾಟವೇ ನಿಧಾನವಾಗುವ ಅಪಾಯ ಇದೆ. ಹಾಗೆ ಯಾವತ್ತೂ ಮಾಡಬೇಡಿ.

ಎಂಟೂವರೆಗೆ ಮಲಗುವುದನ್ನು ನಿಲ್ಲಿಸಿ. ಮಳೆಗಾಲದಲ್ಲಿ ಕರೆಂಟ್ ಹೋದ ಮೇಲೆ ಮಾಡಲು ಏನಿದೆ ಅಂತ ಮಲೆನಾಡಿನವರೆಲ್ಲ ಬೇಗ ಹಾಸಿಗೆ ಸೇರುತ್ತಾರೆ. ಆದರೆ ನಿಮಗೆ ಬರುವುದೇ ಐದಾರು ಗಂಟೆ ನಿದ್ದೆ. ಅದನ್ನು ಒಂಬತ್ತು ಗಂಟೆಯ ಹಾಸಿಗೆಗೆ ಹರಡಿದರೆ ನಡುವೆ ತೂತು ಬೀಳುತ್ತದೆ. ಸದ್ಯಕ್ಕೆ ಹತ್ತೂವರೆಗೆ ಮಲಗಿ, ಐದೂವರೆಗೆ ಏಳಿ. ಎಷ್ಟೇ ಕೆಟ್ಟ ರಾತ್ರಿ ಕಳೆದರೂ ಏಳುವ ಹೊತ್ತು ಬದಲಾಗಬಾರದು. ನಿದ್ದೆ ಗಟ್ಟಿಯಾದ ಮೇಲೆ ವಾರಕ್ಕೆ ಕಾಲು ಗಂಟೆಯಂತೆ ಬೇಗ ಮಲಗುತ್ತಾ ಬನ್ನಿ. ರಾತ್ರಿ ಎಚ್ಚರವಾಗಿ ಇಪ್ಪತ್ತು ನಿಮಿಷದಷ್ಟಾದರೂ ನಿದ್ದೆ ಬಾರದಿದ್ದರೆ ಎದ್ದುಬಿಡಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಜಗಲಿಗೆ ಬಂದು ಮಂದ ಬೆಳಕಲ್ಲಿ ಕೂತು ಹೂಬತ್ತಿ ಹೊಸೆಯಿರಿ. ಮೊಬೈಲ್ ಬೇಡ, ಅಡಿಕೆಯೂ ಬೇಡ! ಕಣ್ಣು ಎಳೆದಾಗ ವಾಪಸ್ ಬನ್ನಿ. ಹಾಸಿಗೆ ಅಂದರೆ ಹೊರಳಾಡುವ ಜಾಗ ಅಂತ ಮೈಗೆ ರೂಢಿಯಾಗಿದೆ, ಅದನ್ನು ಬಿಡಿಸಲು ಇರುವ ದಾರಿ ಇದು. ಮೊದಲ ಒಂದೆರಡು ವಾರ ಹಗಲು ಸುಸ್ತು ಜಾಸ್ತಿ ಆಗುತ್ತದೆ, ಆಗ ಬಿಟ್ಟುಬಿಡಬೇಡಿ. ಬಹುಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇಂಥ ಅಭ್ಯಾಸದ ಚಿಕಿತ್ಸೆಯನ್ನೇ ಕೊಡಬೇಕು ಅಂತ ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಹೇಳಿದೆ.

ಕಾಫಿ ಮಧ್ಯಾಹ್ನ ಎರಡರ ನಂತರ ಬೇಡ. ಕುಡಿದದ್ದರಲ್ಲಿ ಅರ್ಧ ಕೆಫೀನ್ ಐದಾರು ಗಂಟೆಯಾದರೂ ಮೈಯಲ್ಲೇ ಇರುತ್ತದೆ. ಸಂಜೆಗೆ ಕೊತ್ತಂಬರಿ, ಜೀರಿಗೆಯ ಕಷಾಯ ಇದ್ದೇ ಇದೆ. ಊಟವಾದ ಮೇಲೆ ಎಲೆ ಅಡಿಕೆ ಹಾಕುವವರು ಕೇಳಿ: ಅಡಿಕೆಯಲ್ಲಿರುವ ಅರೆಕೋಲಿನ್ ಚುರುಕು ಕೊಡುವ ವಸ್ತು, ನಿದ್ದೆಗೆ ಅಡ್ಡಿ. ಅಡಿಕೆಯೇ ಕ್ಯಾನ್ಸರ್ ತರುವ ವಸ್ತು ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪಟ್ಟಿ ಮಾಡಿದೆ. ತೋಟದ ಮನೆಯವರಿಗೆ ಈ ಮಾತು ರುಚಿಸುವುದಿಲ್ಲ. ನಮ್ಮ ತವರೂ ಅಡಿಕೆಯಿಂದಲೇ ಉಂಡದ್ದು, ಆದರೂ ಹೇಳಲೇಬೇಕು.

ನಂಜಿನ ಪಥ್ಯ ಇವತ್ತೇ ಬಿಡಿ. ಎಂಟು ತಿಂಗಳು ಬೇಳೆ, ಮೊಟ್ಟೆ, ಮೀನು ಬಿಟ್ಟು ಬರೀ ಅನ್ನ, ಸಾರು ಉಂಡರೆ ಸ್ನಾಯು ಎಲ್ಲಿಂದ ಬೆಳೆಯಬೇಕು? ಬಸಳೆ, ಹರಿವೆ, ಕಾಳು, ಮಜ್ಜಿಗೆ ಎಲ್ಲ ತಿನ್ನಿ. ಮಲ ಗಟ್ಟಿಯಾಗಿ ಮುಕ್ಕಿದರೆ ಅದೇ ತುದಿಯ ಮೇಲೆ ಒತ್ತಡ ಬೀಳುತ್ತದೆ.

ಒಂದನ್ನು ಕೇಳದೆ ಬಿಡಲಾರೆ. ಯಾವುದರಲ್ಲೂ ಮನಸ್ಸಿಲ್ಲ, ಸುಮ್ನೆ ಅಳು ಬರುತ್ತದೆ, ಇದ್ದೇನು ಪ್ರಯೋಜನ ಅನ್ನಿಸುತ್ತದಾ? ನೋವು ಮನಸ್ಸಿನದ್ದಲ್ಲ ಅಂದೆ, ಆದರೆ ತಿಂಗಳುಗಟ್ಟಲೆ ನಿದ್ದೆಗೆಟ್ಟ ನೋವು ಮನಸ್ಸನ್ನೂ ಕುಗ್ಗಿಸುತ್ತದೆ. ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಐದು ತಿಂಗಳ ಹಿಂದೆ ಕರುಳು ತೂತಾಗಿ ತುರ್ತು ಆಪರೇಷನ್ ಆಯಿತು. ಹೊಟ್ಟೆಯ ನಡುವೆ ಉದ್ದ ಹೊಲಿಗೆ. ಕೆಮ್ಮಿದಾಗ ಹೊಕ್ಕುಳ ಮೇಲೆ ಉಬ್ಬು ಬಂದು ನೋಯುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ರಾತ್ರಿಯೆಲ್ಲ ಎಚ್ಚರ, ಹಗಲು ಆರಾಮ ಕುರ್ಚಿಯಲ್ಲಿ ತೂಕಡಿಕೆ. ನೋವಿಗೆ ಅಂತ ದಿನಕ್ಕೆ ಎರಡು ಡೈಕ್ಲೋಫೆನಾಕ್ ಮಾತ್ರೆ ನುಂಗುತ್ತಾರೆ. ಬಿಪಿ ಇದೆ. ಬೀಡಿ ಬಿಟ್ಟಿಲ್ಲ.
– ಒಬ್ಬ ಮಗ, ಸಾಗರ

ಉತ್ತರ: ಆ ಉಬ್ಬು ಹೊಲಿಗೆಯ ಜಾಗದ ಹರ್ನಿಯಾ ಇರಬೇಕು. ಹೊಟ್ಟೆಯ ಗೋಡೆ ಅಲ್ಲಿ ಬಿಟ್ಟುಕೊಂಡಿದೆ. ಮೇಲಿನ ಪತ್ರದ ತಾಯಿಗೆ ಸ್ಕ್ಯಾನ್ ಬೇಡ ಅಂದೆ, ನಿಮ್ಮ ತಂದೆಯನ್ನು ಸರ್ಜನ್ ನೋಡಲೇಬೇಕು. ಉಬ್ಬು ಒಳಗೆ ಹೋಗದೆ ಗಟ್ಟಿಯಾಗಿ, ನೋವು, ವಾಂತಿ ಶುರುವಾದರೆ ಬೆಳಗಾಗುವವರೆಗೂ ಕಾಯಬೇಡಿ.

ಡೈಕ್ಲೋಫೆನಾಕ್ ನಿಲ್ಲಿಸಿ. ಬಿಪಿ ಏರಿಸುತ್ತದೆ, ಕಿಡ್ನಿಗೆ ಪೆಟ್ಟು, ಹೊಟ್ಟೆ, ಕರುಳಿನಲ್ಲಿ ಹುಣ್ಣು ಮಾಡುತ್ತದೆ. ಒಮ್ಮೆ ತೂತಾದ ಕರುಳಿನವರಿಗೆ ಇದು ಯಾರು ಬರೆದ ಚೀಟಿ ಅಂತ ಕೇಳಬೇಕು, ಆದರೆ ನನಗೆ ಗೊತ್ತು, ಚೀಟಿಯೇ ಇರುವುದಿಲ್ಲ. ಸರ್ಜನ್ ನೋಡುವವರೆಗೆ ಪ್ಯಾರಾಸಿಟಮಾಲ್ ಸಾಕು. ವಯಸ್ಸಾದವರಿಗೆ 650ರ ಮಾತ್ರೆ ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು. ಲಿವರ್ ತೊಂದರೆ ಇದ್ದರೆ ಅದನ್ನೂ ಕೇಳಿಯೇ ಕೊಡಿ.

ಬೀಡಿ ಬಿಡದಿದ್ದರೆ ಕೆಮ್ಮು ನಿಲ್ಲದು. ಕೆಮ್ಮು ನಿಲ್ಲದಿದ್ದರೆ ಹರ್ನಿಯಾ ಹೊಲಿದರೂ ಮತ್ತೆ ಬಿಚ್ಚೀತು. ಎಷ್ಟೋ ಸರ್ಜನ್‌ಗಳು ಬೀಡಿ ಬಿಟ್ಟ ಮೇಲೇ ತಾರೀಕು ಕೊಡುವುದು. ಕೆಮ್ಮು ಬಂದಾಗ ಒಂದು ದಿಂಬನ್ನು ಹೊಟ್ಟೆಗೆ ಅವುಚಿ ಹಿಡಿದುಕೊಂಡು ಕೆಮ್ಮಲು ಹೇಳಿ.

ನಿದ್ದೆಗೆ ಮೊದಲ ಮದ್ದು ಆ ಆರಾಮ ಕುರ್ಚಿಯನ್ನು ಅಟ್ಟಕ್ಕೆ ಹಾಕುವುದು. ಬೆಳಿಗ್ಗೆ ಅರ್ಧ ಗಂಟೆ ಅಂಗಳದ ಬೆಳಕಲ್ಲಿ ಓಡಾಡಲಿ, ಮೋಡ ಇದ್ದರೂ ಪರವಾಗಿಲ್ಲ. ಮಧ್ಯಾಹ್ನ ಊಟದ ನಂತರ ಇಪ್ಪತ್ತು ನಿಮಿಷ ಮಂಚದ ಮೇಲೆ ಮಲಗಲಿ, ಮೂರರ ನಂತರ ಬೇಡ. ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳುತ್ತಾರೆ ಅಂತ ನೀವು ಬರೆದಿಲ್ಲ, ಕೇಳಿ ನೋಡಿ. ಪ್ರಾಸ್ಟೇಟ್, ಶುಗರ್ ಅಥವಾ ಸಂಜೆ ತಗೊಳ್ಳುವ ಬಿಪಿ ಮಾತ್ರೆಯಿಂದಲೂ ಹಾಗಾಗುತ್ತದೆ. ಗೊರಕೆ ಹೊಡೆಯುತ್ತಾ ನಡುವೆ ಉಸಿರು ಕಟ್ಟುತ್ತದೆಯೇ ಅಂತ ಅಮ್ಮನನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ಸಿಸೇರಿಯನ್ ಆಗಿ ಹತ್ತು ತಿಂಗಳು. ಹೊಟ್ಟೆ ಬೆಲ್ಟ್ ಹಾಕದಿದ್ದರೆ ಹೊಟ್ಟೆ ಜೋತುಬಿದ್ದ ಹಾಗೆ ಅನ್ನಿಸುತ್ತದೆ, ರಾತ್ರಿಯೂ ಹಾಕಿಯೇ ಮಲಗುತ್ತೇನೆ. ಹೊಲಿಗೆಯ ಮೇಲ್ಭಾಗ ಮರಗಟ್ಟಿದೆ. ಸರಿಯಾಗುತ್ತದಾ?
– ಭದ್ರಾವತಿ

ಉತ್ತರ: ಬೆಲ್ಟ್ ಮೊದಲ ಕೆಲವು ವಾರಕ್ಕೆ ಮಾತ್ರ. ಹತ್ತು ತಿಂಗಳು ಬೆಲ್ಟೇ ಹೊಟ್ಟೆ ಹಿಡಿದುಕೊಂಡಿದ್ದರೆ ಸ್ನಾಯು ಯಾಕೆ ಕೆಲಸ ಮಾಡುತ್ತದೆ ಹೇಳಿ? ರಾತ್ರಿಯದ್ದನ್ನು ಇವತ್ತಿನಿಂದಲೇ ಬಿಡಿ, ಹಗಲು ದಿನಕ್ಕೊಂದು ಗಂಟೆಯಂತೆ ಕಡಿಮೆ ಮಾಡಿ. ಅಂಗಾತ ಮಲಗಿ ಮಂಡಿ ಮಡಚಿ, ಉಸಿರು ಬಿಡುತ್ತಾ ಹೊಕ್ಕುಳನ್ನು ಬೆನ್ನಿನ ಕಡೆ ಎಳೆದು ಐದು ಎಣಿಸುವಷ್ಟು ಹೊತ್ತು ಹಿಡಿಯಿರಿ. ಬೆಳಿಗ್ಗೆ, ಸಂಜೆ ಹತ್ತತ್ತು ಸಲ. ತಲೆ ಎತ್ತಿದಾಗ ಹೊಟ್ಟೆಯ ನಡುವೆ ಉದ್ದಕ್ಕೆ ಏಣು ಎದ್ದರೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಮರಗಟ್ಟಿದ್ದಕ್ಕೆ ಹೆದರಬೇಡಿ. ತುಂಡಾದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಕೆಲವರಿಗೆ ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ, ಕೆಲವರಿಗೆ ಬೆರಳಗಲದಷ್ಟು ಜಾಗ ಹಾಗೇ ಉಳಿಯುತ್ತದೆ. ಅದರಿಂದ ತೊಂದರೆ ಏನಿಲ್ಲ. ಆದರೆ ಆ ಜಾಗಕ್ಕೆ ಬಿಸಿನೀರಿನ ಬ್ಯಾಗ್ ಇಡಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.